‘ವಿವರಿಸಿ’ ಅಂದರೂ ‘ಚರ್ಚಿಸಿ’ ಅಂದರೂ ಒಂದೇ ಉತ್ತರ ಬರೆದರೆ ಆಗಲ್ವಾ?

ಪ್ರಶ್ನೆ: ಅಸೈನ್‌ಮೆಂಟ್‌ಗಳಲ್ಲಿ ವಿವರಿಸಿ, ವಿಶ್ಲೇಷಿಸಿ, ಚರ್ಚಿಸಿ ಅಂತೆಲ್ಲ ಕೇಳಿರುತ್ತಾರೆ. ನಾನು ಗೊತ್ತಿರುವುದನ್ನೆಲ್ಲ ಬರೆದು ಪುಟ ತುಂಬಿಸುತ್ತೇನೆ. ಆದರೂ ಅಂಕ ಬರುವುದಿಲ್ಲ. ಈ ಪದಗಳಲ್ಲಿ ನಿಜಕ್ಕೂ ವ್ಯತ್ಯಾಸ ಇದೆಯಾ?

ಉತ್ತರ: ಇದೆ. ಅಂಕ ಸೋರಿಹೋಗುವುದು ಹೆಚ್ಚಾಗಿ ಅಲ್ಲೇ. ಯಾವ ವಿಷಯ ಅಂತ ಪ್ರಶ್ನೆಯ ಮೊದಲ ಭಾಗ ಹೇಳುತ್ತದೆ. ಆ ವಿಷಯ ಇಟ್ಟುಕೊಂಡು ಏನು ಮಾಡಬೇಕು ಅಂತ ಹೇಳುವುದು ಕೊನೆಯ ಕ್ರಿಯಾಪದ. ಅದು ವಾಕ್ಯದ ತುದಿಯಲ್ಲಿ ಇರುವುದರಿಂದಲೋ ಏನೋ, ಆತುರದಲ್ಲಿ ಓದುವವರು ಅದನ್ನು ಗಮನಿಸುವುದೇ ಇಲ್ಲ.

1789ರ ಫ್ರೆಂಚ್ ಕ್ರಾಂತಿಯನ್ನೇ ತೆಗೆದುಕೊಳ್ಳಿ. ‘ಕಾರಣಗಳನ್ನು ಪಟ್ಟಿ ಮಾಡಿ’ ಅಂದರೆ ಸಾಲ, ತೆರಿಗೆ, ಬ್ರೆಡ್ಡಿನ ಬೆಲೆ ಅಂತ ಹೆಸರಿಸಿದರೆ ಸಾಕು. ‘ವಿವರಿಸಿ’ ಅಂದರೆ ಒಂದೊಂದನ್ನೂ ಬಿಡಿಸಿ ಹೇಳಬೇಕು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನೆರವು ಕೊಟ್ಟ ಫ್ರಾನ್ಸ್‌ಗೆ ಸಾಲದ ಹೊರೆ ಏರಿತ್ತು. ಪಾದ್ರಿಗಳಿಗೂ ಕುಲೀನರಿಗೂ ಹಲವು ತೆರಿಗೆಗಳಿಂದ ವಿನಾಯಿತಿ ಇತ್ತು. 1788ರಲ್ಲಿ ಬೆಳೆ ಕೆಟ್ಟು ಬ್ರೆಡ್ ತುಟ್ಟಿಯಾಯಿತು.

‘ವಿಶ್ಲೇಷಿಸಿ’ ಅಂದರೆ ಇವು ಒಂದಕ್ಕೊಂದು ಹೇಗೆ ತಳುಕು ಹಾಕಿಕೊಂಡಿದ್ದವು ಅಂತ ತೋರಿಸಬೇಕು. ಸಾಲ ತೀರಿಸಲು ಹೊಸ ತೆರಿಗೆ ಬೇಕಿತ್ತು. ವಿನಾಯಿತಿ ಇದ್ದವರು ಅಡ್ಡ ನಿಂತರು. ಬೇರೆ ದಾರಿ ಕಾಣದೆ ರಾಜ, 1614ರ ನಂತರ ಸೇರದೇ ಇದ್ದ ಎಸ್ಟೇಟ್ಸ್ ಜನರಲ್ ಸಭೆಯನ್ನು, ಅಂದರೆ ಪಾದ್ರಿಗಳು, ಕುಲೀನರು, ಸಾಮಾನ್ಯರು ಈ ಮೂರೂ ವರ್ಗಗಳ ಪ್ರತಿನಿಧಿಗಳ ಸಭೆಯನ್ನು, ಕರೆಯಬೇಕಾಯಿತು. ಮಾಹಿತಿ ಹೆಚ್ಚುಕಡಿಮೆ ಅದೇ, ಅಲ್ವಾ? ಆದರೆ ಯಾವುದರಿಂದ ಯಾವುದಾಯಿತು ಅನ್ನುವುದು ಈಗ ಕಾಣುತ್ತಿದೆ.

ಜಾಸ್ತಿ ಜನ ಎಡವುವುದು ‘ಚರ್ಚಿಸಿ’ಯಲ್ಲಿ. ‘ಕ್ರಾಂತಿಗೆ ಹಸಿವೇ ಮುಖ್ಯ ಕಾರಣ. ಚರ್ಚಿಸಿ’ ಅಂತ ಕೊಟ್ಟರೆ, ಹೌದು ಅನ್ನುವ ವಾದಕ್ಕೂ ಅಲ್ಲ ಅನ್ನುವ ವಾದಕ್ಕೂ ಆಧಾರ ಕೊಡಬೇಕು. ಆಮೇಲೆ ನಿಮ್ಮ ತೀರ್ಮಾನ ಬರಬೇಕು. ಇಬ್ಬರದ್ದೂ ಸರಿ ಅಂತ ಸುಮ್ನೆ ಜಾರಿಕೊಂಡರೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ‘ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಅನ್ನುವುದು ಇದರದೇ ತಮ್ಮ. ‘ಪ್ಯಾರಿಸ್ಸಿನ ಜನರನ್ನು ಬೀದಿಗಿಳಿಸಿದ್ದರಲ್ಲಿ ಹಸಿವಿನ ಪಾಲು ದೊಡ್ಡದು, ಆದರೆ ರಾಜ ಸಭೆ ಕರೆಯುವಂತೆ ಮಾಡಿದ್ದು ಸಾಲ’ ಅನ್ನುವಂಥ ಒಂದು ವಾಕ್ಯ ಬರೆಯಲು ಆದರೆ, ನೀವು ಆ ‘ಮಟ್ಟ’ವನ್ನು ಗುರುತಿಸಿದಂತೆ.

‘ವಿಮರ್ಶಿಸಿ’ ಅಂದರೆ ತಪ್ಪು ಹುಡುಕಿ ಅಂತಲ್ಲ. ಗಟ್ಟಿ ಎಲ್ಲಿದೆ, ಪೊಳ್ಳು ಎಲ್ಲಿದೆ, ಎರಡನ್ನೂ ಹೇಳಬೇಕು. ‘ಹೋಲಿಸಿ’ ಅಂದಾಗ ಅದಕ್ಕೊಂದು ಪ್ಯಾರಾ, ಇದಕ್ಕೊಂದು ಪ್ಯಾರಾ ಬರೆದು ಕೈತೊಳೆದುಕೊಳ್ಳಬೇಡಿ. ಒಂದೊಂದು ಅಂಶ ಹಿಡಿದು ಎರಡನ್ನೂ ಅಕ್ಕಪಕ್ಕ ಇಡಿ.

ಇದೆಲ್ಲ ಅಧ್ಯಾಪಕರ ಕಿರಿಕಿರಿ ಅನ್ನಿಸಬಹುದು. ಇದರ ಹಿಂದೆ ಹಳೆಯ ಲೆಕ್ಕಾಚಾರ ಇದೆ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳನ್ನು ಆರು ಹಂತಗಳಾಗಿ ವಿಂಗಡಿಸಿದರು. ನೆನಪಿನಿಂದ ಹೇಳುವುದು ತಳದ ಹಂತ, ವಿಶ್ಲೇಷಣೆ ಅದಕ್ಕಿಂತ ಎಷ್ಟೋ ಮೇಲೆ. ಪ್ರಶ್ನೆಪತ್ರಿಕೆ ತಯಾರಿಸುವ ಅನೇಕರು ಇವತ್ತಿಗೂ ಈ ವಿಂಗಡಣೆಯನ್ನು ಬಳಸುತ್ತಾರೆ.

ಹಾಗಂತ ಎಲ್ಲರೂ ಈ ಪದಗಳನ್ನು ಅಳೆದು ತೂಗಿ ಬಳಸುವುದಿಲ್ಲ. 2 ಅಂಕದ ಪ್ರಶ್ನೆಗೆ ‘ವಿಶ್ಲೇಷಿಸಿ’ ಅಂತಿದ್ದರೆ ಎರಡು ಪುಟ ಬರೆಯಲು ಹೋಗಬೇಡಿ. ಅನುಮಾನ ಇದ್ದರೆ ಬರೆಯುವ ಮುಂಚೆಯೇ ಪ್ರಶ್ನೆ ಕೊಟ್ಟವರನ್ನು ಕೇಳಿ.