ಸಾರಿನಿಂದ ಮಜ್ಜಿಗೆಗೆ: ಒಂದು ಊಟದ ದೃಶ್ಯದ ಶಾಟ್ ಡಿವಿಷನ್

ಮಲೆನಾಡಿನ ಒಂದು ಹಳೇ ಮನೆ, ಮಧ್ಯಾಹ್ನದ ಊಟದ ಹೊತ್ತು. ಅಣ್ಣ, ತಮ್ಮ ಗೋಡೆಗೆ ಬೆನ್ನು ಹಾಕಿ ಅಕ್ಕಪಕ್ಕ ಕೂತಿದ್ದಾರೆ, ಅತ್ತಿಗೆ ಬಡಿಸುತ್ತಿದ್ದಾಳೆ. ಚಿತ್ರಕಥೆಯಲ್ಲಿ ಇದು ಎರಡೂವರೆ ಪುಟ. ಅಡಿಕೆ ರೇಟು, ಮಳೆ, ಮಗಳ ಪರೀಕ್ಷೆ ಅಂತ ಮಾತು ಸಾಗುತ್ತದೆ. ನಡುವೆ ತಮ್ಮ, 'ಸೋಮವಾರ ಸರ್ವೇಯರ್ ಬರ್ತಾರಂತೆ ಅಣ್ಣಯ್ಯ' ಎನ್ನುತ್ತಾನೆ. ಅಣ್ಣ ಸ್ವಲ್ಪ ಹೊತ್ತು ಬಿಟ್ಟು ಹೆಂಡತಿಗೆ, 'ಮಜ್ಜಿಗೆ ತಾರೇ' ಎನ್ನುತ್ತಾನೆ. ಪಾಲು ಅನ್ನುವ ಪದ ಎಲ್ಲೂ ಬರುವುದಿಲ್ಲ.

ಇಂಥ ದೃಶ್ಯವನ್ನು ಶಾಟುಗಳಾಗಿ ಒಡೆಯಲು, ಅಂದರೆ ಶಾಟ್ ಡಿವಿಷನ್ ಮಾಡಲು ಕೂತಾಗ ಹೊಸ ನಿರ್ದೇಶಕರು ಮೊದಲು ಕೇಳುವುದು ಕ್ಯಾಮೆರಾ ಎಲ್ಲಿಡೋಣ ಅಂತ. ಅದಕ್ಕೂ ಮುಂಚೆ ಸ್ಕ್ರಿಪ್ಟಿನ ಅಂಚಿನಲ್ಲಿ ಮೂರು ಸಾಲು ಬರೆದುಕೊಳ್ಳಬೇಕು. ತಮ್ಮನಿಗೆ ಪಾಲು ಬೇಕು, ಆದರೆ ಕೇಳಿದವನು ತಾನು ಅಂತ ಆಗಬಾರದು. ಅಣ್ಣನಿಗೆ ಗೊತ್ತು, ಗೊತ್ತಿಲ್ಲದವನಂತೆ ಉಣ್ಣುತ್ತಿದ್ದಾನೆ. ಅತ್ತಿಗೆಗೆ ಈ ಊಟ ಜಗಳವಿಲ್ಲದೆ ಮುಗಿದರೆ ಸಾಕು. ಇಷ್ಟು ಬರೆದುಕೊಂಡರೆ ದೃಶ್ಯ ತಿರುಗುವ ಜಾಗ ತಾನಾಗಿ ಸಿಗುತ್ತದೆ. ತಿರುಗುವುದು ಸರ್ವೇಯರ್ ಎಂಬ ಮಾತಿನಲ್ಲಲ್ಲ, ಅನ್ನ ಕಲಸುತ್ತಿದ್ದ ಅಣ್ಣನ ಕೈ ನಿಂತಾಗ. ಅದಕ್ಕಿಂತ ಮೊದಲು ಒಂದೇ ಒಂದು ಕ್ಲೋಸಪ್ ಹಾಕಿದರೂ ಆ ಕೈಯ ಬೆಲೆ ಅರ್ಧ ಹೋಯಿತು. ಮೊದಲ ಮಾತಿಗೇ ಕ್ಲೋಸಪ್‌ಗೆ ಹೋಗುವುದು ನಮ್ಮಲ್ಲಿ ಹಳೇ ಚಾಳಿ.

ಸತ್ಯಜಿತ್ ರಾಯ್ ಅವರು ವ್ಯಾಪಾರಿಗಳು ಲೆಕ್ಕ ಬರೆಯುವಂಥ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ ಸಂಭಾಷಣೆ, ಫ್ರೇಮಿನ ಚಿತ್ರ, ವೇಷಭೂಷಣ ಎಲ್ಲವನ್ನೂ ಒಟ್ಟಿಗೇ ಇಟ್ಟುಕೊಳ್ಳುತ್ತಿದ್ದರು. ಎಲ್ಲರಿಗೂ ಅವರ ಕೈ ಇರುವುದಿಲ್ಲ. ಕಡ್ಡಿಗೊಂಬೆ ಬರೆದರೂ ನಡೆಯುತ್ತದೆ, ಯಾರ ಮುಖ ಫ್ರೇಮಿನ ಯಾವ ಕಡೆಗೆ ತಿರುಗಿದೆ ಅನ್ನುವುದು ಗೊತ್ತಾದರೆ ಸಾಕು.

ಆಮೇಲೆ ಕಲಾವಿದರನ್ನು ಕೂರಿಸಿ, ಊಟ ಇಲ್ಲದೆ, ಸ್ಟಾಪ್‌ವಾಚ್ ಹಿಡಿದು ರಿಹರ್ಸಲ್. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಇಂಥಲ್ಲಿ ಸುಳ್ಳಾಗುತ್ತದೆ. ಬಡಿಸುವುದು, ಕಲಸುವುದು, ನುಂಗುವುದು ಸೇರಿದರೆ ಎರಡೂವರೆ ಪುಟ ಸುಲಭವಾಗಿ ನಾಲ್ಕು ನಿಮಿಷ ಆಗುತ್ತದೆ. ರಿಹರ್ಸಲ್‌ನಲ್ಲಿ ಇನ್ನೊಂದು ತೊಂದರೆಯೂ ಕಣ್ಣಿಗೆ ಬೀಳುತ್ತದೆ: ಅತ್ತಿಗೆ ಎಲೆಯ ಮುಂದೆ ಬಗ್ಗಿದ ಕೂಡಲೇ ಉಣ್ಣುತ್ತಿರುವವರ ಮುಖ ಮರೆಯಾಗುತ್ತದೆ. ಪಕ್ಕದಿಂದ ಬಡಿಸಮ್ಮ ಎಂದರೆ ಕಾಣುತ್ತದೆ ನಿಜ, ಆದರೆ ಹಾಗೆ ಯಾರೂ ಬಡಿಸುವುದಿಲ್ಲ. ಮರೆಯನ್ನೇ ಬಳಸಿಕೊಳ್ಳುವುದು ಜಾಣತನ. ಎರಡನೇ ಸಲ ಸಾರು ಹಾಕಲು ಅವಳು ತಮ್ಮನ ಮುಂದೆ ಬಗ್ಗಿದಾಗ ಅವನು ಸರ್ವೇಯರ್ ಮಾತು ತೆಗೆಯಲಿ. ಅವನ ದನಿ ಮಾತ್ರ ಕೇಳುತ್ತದೆ, ಕಾಣುವುದು ಅಣ್ಣನ ಮುಖ. ಅತ್ತಿಗೆಯ ಮರೆಯಲ್ಲೇ ಅಷ್ಟು ಧೈರ್ಯ ಬಂತು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಕ್ಯಾಮೆರಾ ಎತ್ತರದ ಮಾತಿಗೆ ಬರೋಣ. ನೆಲದ ಮೇಲೆ ಕೂತವರ ಕಣ್ಣು ಸುಮಾರು ಎರಡೂವರೆ ಅಡಿಯಲ್ಲಿರುತ್ತದೆ. ಮಾಮೂಲಿ ಟ್ರೈಪಾಡ್ ಅಷ್ಟು ಕೆಳಗೆ ಬರುವುದಿಲ್ಲ, ಗಿಡ್ಡ ಕಾಲಿನ ಟ್ರೈಪಾಡ್, ಅಂದರೆ ಬೇಬಿ ಲೆಗ್ಸ್ ಬೇಕೆಂದು ಹಿಂದಿನ ದಿನವೇ ಹೇಳಿರಬೇಕು. ಹೇಳದಿದ್ದರೆ ಕ್ಯಾಮೆರಾ ನಾಲ್ಕು ಅಡಿಯಲ್ಲಿ ನಿಲ್ಲುತ್ತದೆ, ನಡುನೆತ್ತಿ ಕಾಣುತ್ತದೆ, ಊಟಕ್ಕೆ ಕೂತವರೆಲ್ಲ ತಪ್ಪಿತಸ್ಥರ ಹಾಗೆ ಕಾಣುತ್ತಾರೆ. ಜಪಾನಿನ ನಿರ್ದೇಶಕ ಒಜು ಚಾಪೆ ಮೇಲೆ ಕೂತವರ ಕಣ್ಣಿಗಿಂತಲೂ ಕೆಳಗೆ ಕ್ಯಾಮೆರಾ ಇಡುತ್ತಿದ್ದರು. ನೆಲದಲ್ಲಿ ಕೂತು ಉಣ್ಣುವ ನಾವು ಅದನ್ನು ಗಮನಿಸಿದ್ದು ಕಮ್ಮಿ.

ಈ ದೃಶ್ಯಕ್ಕೆ ಆರು ಸೆಟಪ್, ಅಂದರೆ ಕ್ಯಾಮೆರಾ ಇಡುವ ಆರು ಜಾಗ ಸಾಕು. 35 ಎಂಎಂ ಲೆನ್ಸಿನಲ್ಲಿ ಎದುರಿನಿಂದ ಮಾಸ್ಟರ್, ಅಂದರೆ ಎಲ್ಲರೂ ಕಾಣುವಂತೆ ಇಡೀ ದೃಶ್ಯ, ಮೊದಲಿಂದ ಕೊನೆವರೆಗೆ. 50ರಲ್ಲಿ ಅಣ್ಣ ತಮ್ಮ ಇಬ್ಬರ ಟೂ ಶಾಟ್. ತಮ್ಮನ ಕಡೆಯಿಂದ ಅಣ್ಣನ ಮಿಡ್ (ಸೊಂಟದಿಂದ ಮೇಲೆ), ಅಣ್ಣನ ಕಡೆಯಿಂದ ತಮ್ಮನ ಮಿಡ್. 85ರಲ್ಲಿ, ತೀರ ಹತ್ತಿರ ಕಾಣುವಂತೆ, ಎಲೆಯ ಮೇಲಿನ ಕೈ. ಕೊನೆಗೆ ಅಡುಗೆಮನೆ ಬಾಗಿಲಲ್ಲಿ ನಿಂತ ಅತ್ತಿಗೆ. ಮಾಸ್ಟರ್‌ನ ನೇರದಲ್ಲೇ ಲೆನ್ಸ್ ಮಾತ್ರ ಬದಲಿಸಿ ಟೂ ಶಾಟ್ ತೆಗೆಯಬೇಡಿ, ಕೋನ ಕನಿಷ್ಠ 30 ಡಿಗ್ರಿ ಬದಲಾಗದಿದ್ದರೆ ಎಡಿಟಿಂಗಿನಲ್ಲಿ ಕಟ್ ಎಗರಿದ ಹಾಗೆ ಕಾಣುತ್ತದೆ.

ಎಡವುವುದು ಹೆಚ್ಚಾಗಿ ಆರನೆಯದರಲ್ಲಿ. ಮಾಸ್ಟರ್‌ನಲ್ಲಿ ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ, ಬಾಗಿಲು ಎಡಗೋಡೆಯಲ್ಲಿ. ಬಾಗಿಲಿನಿಂದ ಅಣ್ಣನನ್ನು ನೋಡುವ ಅತ್ತಿಗೆಯ ಲುಕ್ ಫ್ರೇಮಿನಲ್ಲಿ ಬಲಕ್ಕೇ ಇರಬೇಕು. ಸಂಜೆ ಹೊತ್ತಿಗೆ ಲೈಟು ತಿರುಗಿಸುವಾಗ, ಜಾಗ ಖಾಲಿ ಇದೆಯಲ್ಲ ಅಂತ ಅಣ್ಣನಿಗೂ ಬಾಗಿಲಿನ ಗೋಡೆಗೂ ನಡುವಿನ ಮೂಲೆಗೆ ಕ್ಯಾಮೆರಾ ಹೋಗಿಬಿಡುತ್ತದೆ. ಅತ್ತಿಗೆಗೂ ಅಣ್ಣನಿಗೂ ನಡುವಿನ ಕಾಲ್ಪನಿಕ ಗೆರೆ, ಅಂದರೆ ಲೈನ್ ದಾಟಿತು. ಈಗ ಅವಳು ಎಡಕ್ಕೆ ನೋಡುತ್ತಾಳೆ, ತೆರೆಯ ಮೇಲೆ ಗಂಡನಿಗೆ ಮುಖ ತಿರುಗಿಸಿದಂತೆ ಕಾಣುತ್ತದೆ. ಕತೆಯೇ ಬದಲಾಯಿತು.

ಇನ್ನು ಊಟದ ಕಂಟಿನ್ಯೂಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಎಲೆ, ಕೈ, ತುತ್ತು ತಾಳೆಯಾಗುವುದು. ಆರು ಸೆಟಪ್, ನಾಲ್ಕು ನಾಲ್ಕು ಟೇಕ್ ಅಂದರೆ 24 ಸಲ ಊಟ. ಇಬ್ಬರಿಗೂ ಸೇರಿ 50 ಎಲೆ ತರಿಸಿ, ಎಲ್ಲವೂ ಒಂದೇ ಅಳತೆಯಲ್ಲಿರಲಿ. ಸಾರಿಗೆ ಉಪ್ಪು ಖಾರ ಕಮ್ಮಿ, ತುತ್ತು ಗೋಲಿಯಷ್ಟು. ಎಲೆಯ ಫೋಟೋ ಮೂರು ಸ್ಥಿತಿಯಲ್ಲಿ ಬೇಕು: ಮೊದಲ ಸಾರು, ಎರಡನೇ ಸಾರು, ಮಜ್ಜಿಗೆಗೆ ಮುಂಚೆ. ಯಾವ ಮಾತಿಗೆ ಯಾವ ತುತ್ತು ಅನ್ನುವುದನ್ನು ಕಂಟಿನ್ಯೂಟಿ ನೋಡುವ ಸಹಾಯಕರು ಸಂಭಾಷಣೆ ಪಕ್ಕದಲ್ಲೇ ಬರೆಯಬೇಕು. ಸರಳ ಉಪಾಯವೂ ಇದೆ: ಇನ್ನೊಬ್ಬರು ಮಾತಾಡುವಾಗ ಮಾತ್ರ ತುತ್ತು ಬಾಯಿಗೆ ಹೋಗಲಿ. ಸಂಭಾಷಣೆಯೂ ಸ್ಪಷ್ಟ, ಕಟ್ಟೂ ಸಲೀಸು. ಕೈಯ ಮೇಲಿನ ಸಾರು ಒಣಗುವುದನ್ನು ಯಾರೂ ನೋಡುವುದಿಲ್ಲ, 85 ಎಂಎಂ ನೋಡುತ್ತದೆ. ಆ ಶಾಟಿಗೆ ಮುಂಚೆ ಪ್ರತಿ ಸಲ ಕೈ ತೊಳೆಸಿ ಹೊಸದಾಗಿ ಕಲಸಲು ಹೇಳಿ.

ಶೂಟಿಂಗಿನಲ್ಲೇ ಮಾತು ರೆಕಾರ್ಡ್ ಮಾಡುವ ಸಿಂಕ್ ಸೌಂಡ್ ಆದರೆ ಸೌಟು ಪಾತ್ರೆಗೆ ಬಡಿಯುವ ಸದ್ದು ಮಾತಿನ ಮೇಲೆ ಬೀಳದಂತೆ ಪಾತ್ರೆಯೊಳಗೆ ಬಟ್ಟೆ ಹಾಕಿ, ಆ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಗುಂಯ್ ಅನ್ನುವ ಸದ್ದು ಬರದಿರಲೆಂದು ಫ್ರಿಜ್ ಆಫ್ ಮಾಡಿದರೆ ಯೂನಿಟ್ ಗಾಡಿಯ ಕೀ ಅದರೊಳಗಿಡಿ. ಹೊರಡುವಾಗ ಕೀ ಹುಡುಕುವವರು ಫ್ರಿಜ್ಜನ್ನೂ ಆನ್ ಮಾಡುತ್ತಾರೆ, ಮನೆಯವರ ಹಾಲು ಉಳಿಯುತ್ತದೆ.

ಕೈ ನಿಲ್ಲುವ ಶಾಟಿಗೆ ತೆರೆಯ ಮೇಲೆ ಎರಡು ಸೆಕೆಂಡ್, ಅಂದರೆ ಸೆಕೆಂಡಿಗೆ 24ರಂತೆ 48 ಫ್ರೇಮ್ ಸಾಕಾಗಬಹುದು. ಶೂಟ್ ಮಾಡುವಾಗ ಐದು ಸೆಕೆಂಡ್ ನಿಲ್ಲಿಸಿ, ಎಷ್ಟು ಬೇಕೆನ್ನುವುದು ಎಡಿಟಿಂಗ್ ಟೇಬಲ್ಲಿನಲ್ಲಿ ಗೊತ್ತಾಗುತ್ತದೆ. ಅತ್ತಿಗೆಯ ಶಾಟನ್ನೂ ಹಾಗೇ ಉದ್ದ ಬಿಡಿ: 'ಮಜ್ಜಿಗೆ ತಾರೇ' ಕೇಳಿಸಿದಾಗ ಅವಳ ಕೈಯಲ್ಲಿನ್ನೂ ಸಾರಿನ ಪಾತ್ರೆ ಇದೆ, ಗಂಡನ ಎಲೆಯಲ್ಲಿ ಕಲಸಿದ ಅನ್ನ ಹಾಗೇ ಇದೆ. ಮೊದಲು ಪಾತ್ರೆ ನೋಡಲಿ, ಆಮೇಲೆ ಅವನನ್ನು.

ಮಳೆಗಾಲದಲ್ಲಿ ನಾಲ್ಕೂವರೆಗೇ ಬೆಳಕು ಇಳಿದರೆ ಆರರಲ್ಲಿ ಒಂದೆರಡನ್ನು ಬಿಡಲೇಬೇಕಾಗುತ್ತದೆ. ಮೊದಲು ಹೋಗುವುದು ತಮ್ಮನ ಮಿಡ್, ನಂತರ ಟೂ ಶಾಟ್. ಕೈಯ ಶಾಟನ್ನು ಕೊನೆಗೆ ಉಳಿಸಿಕೊಳ್ಳದೆ ಮಾಸ್ಟರ್ ಮುಗಿದ ಕೂಡಲೇ ತೆಗೆದುಬಿಡಿ, ಎಲೆ ಹೇಗೂ ಹಾಕಿಯೇ ಇರುತ್ತದೆ.