ಬಿಟಿ ಹತ್ತಿ ಬಗ್ಗೆ ಎರಡೂ ಕಡೆ ವಾದ ಎಲ್ಲಿ ಹುಡುಕೋದು?

ಪ್ರಶ್ನೆ: ಅಣ್ಣಾ, ನಾನು ದಾವಣಗೆರೆಲಿ ಬಿಎ ಓದ್ತಿದೀನಿ. ಬಿಟಿ ಹತ್ತಿ, ಅಂದ್ರೆ ಕಾಯಿಕೊರಕ ಹುಳ ತಡೀಲಿ ಅಂತ ಬೇರೆ ಜೀವಿಯ ಜೀನ್ ಸೇರಿಸಿದ ಹತ್ತಿ, ಅದರಿಂದ ರೈತರಿಗೆ ಲಾಭನೋ ನಷ್ಟನೋ ಅಂತ ಚರ್ಚಾಸ್ಪರ್ಧೆ ಐತಿ, ಪರನೋ ವಿರೋಧನೋ ಅಂತ ಅವತ್ತೇ ಚೀಟಿ ಎತ್ತೋದಂತೆ. ಗೂಗಲ್ ಮಾಡಿದ್ರೆ ಬರೀ ಒಬ್ರಿಗೊಬ್ರು ಬೈಯೋದೇ ಬರ್ತತಿ. ಗಟ್ಟಿ ಮಾಹಿತಿ ಎಲ್ಲಿ ಸಿಗ್ತತಿ?

ಉತ್ತರ: ಹತ್ತಿ ಮಿಲ್ಲಿನ ಊರಲ್ಲಿ ಹತ್ತಿ ಟಾಪಿಕ್ಕೇ ಕೊಟ್ಟಿದಾರೆ, ಭೇಷ್! ಮೊದ್ಲು ಕಾಲೇಜ್ ಲೈಬ್ರರಿಯನ್ ಹತ್ರ ಹೋಗಿ ಎನ್-ಲಿಸ್ಟ್ ಲಾಗಿನ್ ಕೇಳು ತಂಗಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸೋದು ಅದು, ಮೆಂಬರ್ ಆಗಿರೋ ಕಾಲೇಜಿನವ್ರು ಮನೇಲೇ ಕೂತು ಜರ್ನಲ್ಲು (ಸಂಶೋಧನಾ ಪತ್ರಿಕೆ) ಇ-ಬುಕ್ಕು ಓದಬಹುದು, ಆದ್ರೆ ಕೇಳೋರೇ ಕಮ್ಮಿ. ಸರ್ಕಾರಿ ಕಾಲೇಜಾದ್ರೆ 2025ರಿಂದ ಶುರುವಾದ, ಕೇಂದ್ರ ಸರ್ಕಾರವೇ ಜರ್ನಲ್ಲಿಗೆ ಚಂದಾ ಕಟ್ಟೋ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ ಬಗ್ಗೆನೂ ವಿಚಾರಿಸು. ಅಮೆರಿಕದ ಲೈಬ್ರರಿಗಳಲ್ಲಿ ಗೇಲ್ ಕಂಪನಿದು ಆಪೋಸಿಂಗ್ ವ್ಯೂಪಾಯಿಂಟ್ಸ್ ಅಂತ ಡೇಟಾಬೇಸೇ ಐತಿ, ಪರ ವಿರೋಧ ಎರಡನ್ನೂ ಜೋಡಿಸೇ ಕೊಡ್ತತಿ. ನಾವು ನಾವೇ ಹೆಕ್ಕಬೇಕು, ನನ್ ಕೇಳಿದ್ರೆ ಹಂಗೆ ಹೆಕ್ಕಿದ್ದೇ ತಲೇಲಿ ಉಳಿಯೋದು.

ಬರೀ ಬಿಟಿ ಕಾಟನ್ ಅಂತ ಹೊಡೆದ್ರೆ ರಾಶಿ ಬಂದು ಬೀಳ್ತತಿ. ಪರ, ವಿರೋಧ ಅಂತ ಸೇರಿಸಿದ್ರೂ ಉಪಯೋಗ ಇಲ್ಲ, ಸಂಶೋಧಕರು ಯಾರೂ ನಾನು ವಿರೋಧಿ ಅಂತ ತಲೆಬರಹ ಕೊಡಲ್ಲ. ಜಗಳ ಯಾವುದರ ಮೇಲೆ ಐತೋ ಅದನ್ನ ಹಾಕು, ಇಳುವರಿ, ಹುಳದ ಔಷಧಿ ಖರ್ಚು, ಗುಲಾಬಿ ಕಾಯಿಕೊರಕ (ಹತ್ತಿ ಕಾಯಿ ತಿನ್ನೋ ಗುಲಾಬಿ ಹುಳ), ಎಲ್ಲಾ ಇಂಗ್ಲಿಷಲ್ಲಿ. ಮಧ್ಯೆ ಕ್ಯಾಪಿಟಲ್ ಅಕ್ಷರದಲ್ಲಿ ಆಂಡ್ (AND) ಹಾಕಿದ್ರೆ ಎರಡೂ ಇರೋ ಲೇಖನ ಮಾತ್ರ ಬರ್ತವೆ, ಆರ್ (OR) ಹಾಕಿದ್ರೆ ಯಾವ್ದಾದ್ರೂ ಒಂದಿದ್ರೂ ಸಾಕು.

ಹಿಂಗೆ ಹುಡುಕಿದ್ರೆ 2012ರಲ್ಲಿ ಕಥಾಗೆ ಮತ್ತೆ ಕೈಮ್ ಅನ್ನೋರು ಪಿಎನ್‌ಎಎಸ್ ಜರ್ನಲ್ಲಲ್ಲಿ ಬರೆದಿದ್ದು ಸಿಗ್ತತಿ, ಬಿಟಿಯಿಂದ ಎಕರೆ ಇಳುವರಿ ಶೇ 24, ಲಾಭ ಶೇ 50 ಜಾಸ್ತಿ ಅಂತಾರೆ ಅವ್ರು. 2020ರಲ್ಲಿ ನೇಚರ್ ಪ್ಲಾಂಟ್ಸ್ ಜರ್ನಲ್ಲಲ್ಲಿ ಕ್ರಾಂತಿ ಮತ್ತೆ ಸ್ಟೋನ್ ಹೇಳೋದು ಉಲ್ಟಾ, ಇಳುವರಿ ಏರಿದ್ದಕ್ಕೆ ಗೊಬ್ಬರ ಗಿಬ್ಬರ ಕಾರಣ, ಔಷಧಿ ಖರ್ಚು ಮೊದಮೊದಲು ಇಳಿದ್ರೂ ಈಗ ಬಿಟಿ ಬರೋಕೆ ಮುಂಚೆ ಇದ್ದಿದ್ದಕ್ಕಿಂತ ಜಾಸ್ತಿ ಆಗೈತಿ ಅಂತ. ಈ ಕ್ರಾಂತಿ ಯಾರೋ ಹೋರಾಟಗಾರ್ರು ಅನ್ಕೋಬೇಡ, ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾಗಿದ್ದವ್ರು.

ಹಂಗಾದ್ರೆ ಯಾರದ್ದು ಸುಳ್ಳು ಅಂತೀಯಾ? ಅಧ್ಯಯನ ಹೆಂಗೆ ಮಾಡಿದ್ರು ಅಂತ ಹೇಳೋ ಮೆಥಡ್ಸ್ ಭಾಗ ಓದು. ಮೊದಲನೇದು 2002ರಿಂದ 2008ರ ತನಕ ರೈತರ ಮನೆಗೇ ಹೋಗಿ ಮಾಡಿದ ಸರ್ವೆ, ಕರ್ನಾಟಕನೂ ಸೇರಿ ನಾಲ್ಕು ರಾಜ್ಯದ್ದು. ಎರಡನೇದು ಇಡೀ ದೇಶದ ಸುಮಾರು ಇಪ್ಪತ್ತು ವರ್ಷದ ಅಂಕಿಅಂಶ. ಗುಲಾಬಿ ಹುಳ ಬಿಟಿಗೆ ಜಗ್ಗದಂಗಾಗಿದ್ದು 2008 ಆದ್ಮೇಲೆ, ಮೊದಲನೇ ಸರ್ವೆಲಿ ಅದು ಕಾಣೋಕೆ ಹೆಂಗೆ ಸಾಧ್ಯ? ಎದುರು ಪಾರ್ಟಿ ಅಂಕಿ ಎಸೆದಾಗ ಯಾವ ವರ್ಷದ್ದು, ಎಲ್ಲಿದು ಅಂತ ಕೇಳೋಕೆ ಇಷ್ಟು ಗೊತ್ತಿದ್ರೆ ಸಾಕು.

ಲೇಖನದ ಪಕ್ಕ ಸೈಟೆಡ್ ಬೈ ಅಂತ ಇದ್ರೆ ಒತ್ತು, ಆಮೇಲೆ ಅದನ್ನ ಒಪ್ಪಿದವ್ರು, ತಿರುಗಿ ಬಿದ್ದವ್ರು ಎಲ್ಲಾ ಅಲ್ಲೇ ಇರ್ತಾರೆ. ಲಾಗಿನ್ ಸಿಗಲೇ ಇಲ್ಲ ಅಂದ್ರೆ ಶೋಧಗಂಗಾ ಅನ್ನೋ ವೆಬ್‌ಸೈಟ್ ಫ್ರೀ ಐತಿ, ನಮ್ಮ ರಾಜ್ಯದ ಯೂನಿವರ್ಸಿಟಿಗಳ ಪಿಎಚ್‌ಡಿ ಪ್ರಬಂಧನೂ ಸಿಗ್ತವೆ, ಪೂರ್ತಿ ಓದೋಕೆ ಹೋಗ್ಬೇಡ, ಹಿಂದಿನವ್ರ ಕೆಲಸ ಒಟ್ಟು ಹಾಕಿರೋ ಎರಡನೇ ಅಧ್ಯಾಯ ನೋಡಿದ್ರೆ ಸಾಮಾನ್ಯವಾಗಿ ಎರಡೂ ಕಡೆಯವ್ರ ಹೆಸ್ರು ಅಲ್ಲೇ ಸಿಕ್ಬಿಡ್ತವೆ.