ವೆಬ್ ಆಕ್ಸೆಸಿಬಿಲಿಟಿ: ಬಂದ ಕೆಲಸ ತಾವೇ ಮುಗಿಸಿಕೊಂಡು ಹೋಗುವಂತಿರಬೇಕು

ಸರ್ಕಾರಿ ವೆಬ್‌ಸೈಟ್ ತೆರೆದರೆ ಮೇಲೆ ಮೂಲೆಯಲ್ಲಿ ಮೂರು ಪುಟ್ಟ ‘ಎ’ ಅಕ್ಷರಗಳು ಇರುತ್ತವೆ, ನೋಡಿರ್ತೀರಿ. ಒಂದನ್ನು ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಇನ್ನೊಂದನ್ನು ಒತ್ತಿದರೆ ಚಿಕ್ಕದಾಗುತ್ತದೆ. ಪಕ್ಕದಲ್ಲಿ ಪುಟವನ್ನು ಕಪ್ಪು ಮಾಡುವ ಇನ್ನೊಂದು ಬಟನ್. ತುಂಬಾ ಜನ ಇದನ್ನೇ ಆಕ್ಸೆಸಿಬಿಲಿಟಿ ಅಂದುಕೊಂಡಿದ್ದಾರೆ, ಸೈಟ್ ಮಾಡಿಸುವವರೂ ಸೇರಿ. ಆದರೆ ಅಕ್ಷರ ದೊಡ್ಡದು ಮಾಡುವ ಕೆಲಸ ಬ್ರೌಸರ್‌ನಲ್ಲೇ ಇದೆ, ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿದರೆ ಆಯಿತು. ಕಣ್ಣು ಮಂದ ಇರುವವರಿಗೆ ಇದು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಆ ಇರುವೆಯಷ್ಟು ‘ಎ’ ಕಾಣುವುದಾದರೂ ಹೇಗೆ?

ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು, ನಿಧಾನವಾಗಿ ಓದುವವರು, ಇವರೆಲ್ಲ ಒಂದು ವೆಬ್‌ಸೈಟಿಗೆ ಬಂದ ಕೆಲಸವನ್ನು ಪಕ್ಕದವರನ್ನು ಕರೆಯದೆ ತಾವೇ ಮುಗಿಸಿಕೊಂಡು ಹೋಗುವ ಹಾಗೆ ಅದನ್ನು ಕಟ್ಟುವುದಕ್ಕೆ ವೆಬ್ ಆಕ್ಸೆಸಿಬಿಲಿಟಿ ಅಂತಾರೆ. ಪುಟ ತೆರೆದುಕೊಂಡರೆ ಸಾಲದು. ಬಿಲ್ ಕಟ್ಟಿ ರಸೀದಿ ಕೈಗೆ ಬರಬೇಕು. ಅರ್ಜಿ ಸಬ್ಮಿಟ್ ಆಗಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿ ಹಾಕಿಸಿಕೊಳ್ಳುವ ಪರಿಸ್ಥಿತಿ ಇರಬಾರದು.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಸ್ಕ್ರೀನ್ ರೀಡರ್ ಬಳಸುವವರು. ಪುಟದಲ್ಲಿ ಇರುವುದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಇದು. ವಿಂಡೋಸ್‌ಗೆ ಎನ್‌ವಿಡಿಎ ಅಂತ ಒಂದಿದೆ, ಪೂರ್ತಿ ಉಚಿತ, ಕನ್ನಡ ಓದುವ ದನಿಯೂ ಅದರ ಜೊತೆಗೇ ಬರುತ್ತದೆ (ಸ್ವಲ್ಪ ರೋಬೋ ಥರ ಇದೆ, ಅಭ್ಯಾಸ ಆಗುತ್ತೆ). ಆಂಡ್ರಾಯ್ಡ್ ಫೋನಿಗೆ ಟಾಕ್‌ಬ್ಯಾಕ್ ಇದೆ. ಒಂದು ವಿಷಯ ನೆನಪಿರಲಿ, ಸ್ಕ್ರೀನ್ ರೀಡರ್‌ಗೆ ನಿಮ್ಮ ಡಿಸೈನ್ ಕಾಣುವುದಿಲ್ಲ. ಅದು ಹಿಂದಿರುವ ಕೋಡನ್ನು ಹಿಡಿದುಕೊಂಡು ಓದುತ್ತದೆ.

ಒಂದು ನೇಮಕಾತಿ ಪುಟ ಇದೆ ಅಂದುಕೊಳ್ಳಿ. ಕಣ್ಣಿಗೆ ಚೆನ್ನಾಗಿದೆ. ಮೇಲೆ ಬ್ಯಾನರ್, ಕೆಳಗೆ ಹುದ್ದೆಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಲಿಂಕ್. ಅದೇ ಪುಟ ಕಿವಿಗೆ ಹೀಗೆ ಬೀಳುತ್ತದೆ: “ಗ್ರಾಫಿಕ್, ಬ್ಯಾನರ್ ಅಂಡರ್‌ಸ್ಕೋರ್ ಫೈನಲ್ ಅಂಡರ್‌ಸ್ಕೋರ್ ನ್ಯೂ 2. ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಬಟನ್. ಬಟನ್.” ಎಲ್ಲಿ ಕ್ಲಿಕ್ ಮಾಡೋದು, ಯಾವ ಬಟನ್ ಯಾತಕ್ಕೆ, ದೇವರಿಗೇ ಗೊತ್ತು. ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾ ಕೂರುವುದಿಲ್ಲ. ನಾವು ಕಣ್ಣಾಡಿಸುವ ಹಾಗೆ ಅವರು ಕೀ ಒತ್ತಿ ಹಾರುತ್ತಾ ಹೋಗುತ್ತಾರೆ. ಎನ್‌ವಿಡಿಎಯಲ್ಲಿ ಹೆಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಬೇಕಾದರೆ ಲಿಂಕ್‌ಗಳ ಪಟ್ಟಿಯನ್ನಷ್ಟೇ ಬೇರೆ ತೆಗೆದು ನೋಡಬಹುದು. ಆ ಪಟ್ಟಿಯಲ್ಲಿ ಇಪ್ಪತ್ತು ಸಲ “ಇಲ್ಲಿ ಕ್ಲಿಕ್ ಮಾಡಿ” ಇದ್ದರೆ ಏನು ಪ್ರಯೋಜನ? “ಎಫ್‌ಡಿಎ ಹುದ್ದೆಯ ಅಧಿಸೂಚನೆ” ಅಂತಲೇ ಲಿಂಕ್‌ನಲ್ಲಿ ಬರೆದರೆ ಮುಗಿಯಿತು. ಶೀರ್ಷಿಕೆಯೂ ಹಾಗೆಯೇ, ಸುಮ್ನೆ ಬೋಲ್ಡ್ ಮಾಡಿ ಅಕ್ಷರ ದೊಡ್ಡದು ಮಾಡಿದರೆ ಕಣ್ಣಿಗೆ ಶೀರ್ಷಿಕೆ, ಕೋಡಿನಲ್ಲಿ ಬರೀ ಪ್ಯಾರಾ. ಇದು ಶೀರ್ಷಿಕೆ ಅಂತ ಕೋಡಿನಲ್ಲಿ ಗುರುತು ಮಾಡುವ ಹೆಡಿಂಗ್ ಟ್ಯಾಗ್ ಹಾಕಲೇಬೇಕು.

ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗ ಇರುತ್ತದೆ. ಚಿತ್ರ ಏನು ಹೇಳುತ್ತಿದೆಯೋ ಅದನ್ನು ಅಲ್ಲಿ ಒಂದೆರಡು ಸಾಲಿನಲ್ಲಿ ಬರೆಯಬೇಕು. ಸುಮ್ನೆ ಅಂದಕ್ಕೆ ಹಾಕಿದ ಬಳ್ಳಿ, ಗೆರೆಗಳಿದ್ದರೆ ಅದನ್ನು ಖಾಲಿ ಬಿಡಬೇಕು, ಆಗ ಸ್ಕ್ರೀನ್ ರೀಡರ್ ದಾಟಿಕೊಂಡು ಹೋಗುತ್ತದೆ. ನಮ್ಮಲ್ಲಿ ಕಾರ್ಯಕ್ರಮದ ಪೋಸ್ಟರನ್ನು ಜೆಪಿಜಿ ಮಾಡಿ ಹಾಕಿಬಿಡುವ ಚಾಳಿ ಜಾಸ್ತಿ. ಆಲ್ಟ್‌ನಲ್ಲಿ “ಪೋಸ್ಟರ್” ಅಂತ ಬರೆದರೆ ಏನೂ ತಿಳಿಯುವುದಿಲ್ಲ. ದಿನ, ಸಮಯ, ಜಾಗವನ್ನು ಕೆಳಗೆ ಅಕ್ಷರದಲ್ಲೇ ಟೈಪ್ ಮಾಡಿ, ಎಲ್ಲರಿಗೂ ಉಪಯೋಗ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಬಹುದಲ್ವಾ.

ಕನ್ನಡಕ್ಕೆ ಅಂಟಿಕೊಂಡಿರುವ ಒಂದು ರೋಗ ಇದೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್ ಎಲ್ಲ ಕಡೆ ಬರುವ ಮೊದಲು ‘ನುಡಿ’, ‘ಬರಹ’ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲೇ ನಮ್ಮ ಕಚೇರಿ, ಪ್ರೆಸ್ಸುಗಳು ನಡೆದವು. ಅವತ್ತಿಗೆ ಅದು ಬೇಕಾಗಿತ್ತು, ಅದಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಆದರೆ ಅದರಲ್ಲಿ ಕನ್ನಡ ಅಕ್ಷರ ನಿಜವಾಗಿ ಇರುವುದಿಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ಚಿತ್ರ ತೊಡಿಸಿರುತ್ತಾರೆ. ನುಡಿ ಆಸ್ಕಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಅನ್ನುವ ಪದದ ಒಳಗೆ ಕ್ಯಾಪಿಟಲ್ ಪಿ, ತಲೆ ಮೇಲೆ ಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಏನೇನೋ ಇರುತ್ತದೆ. ಸ್ಕ್ರೀನ್ ರೀಡರ್ ಪಾಪ ಅದನ್ನೇ ಓದುತ್ತದೆ. ಅದೇ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ಗಳು ಈಗಲೂ ಓಡಾಡುತ್ತಿವೆ. ಅದಕ್ಕಿಂತ ಕೆಟ್ಟದ್ದು, ಸುತ್ತೋಲೆಯನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲ್ ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುವುದು. ಅದು ಬರೀ ಫೋಟೋ. ಒಂದಕ್ಷರ ಓದಲು ಬರುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನೇ ನೇರವಾಗಿ ಪುಟಕ್ಕೆ ಹಾಕಿದರೆ ಈ ರೋಗ ಅರ್ಧ ವಾಸಿ.

ಯೂನಿಕೋಡ್ ಇದ್ದರೂ ಇನ್ನೊಂದು ಕಡೆ ಎಡವುತ್ತೇವೆ. ಪುಟ ಯಾವ ಭಾಷೆಯಲ್ಲಿದೆ ಅಂತ ಪುಟದ ಕೋಡಾದ ಹೆಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲೇ ಹೇಳಬೇಕು, ಲ್ಯಾಂಗ್ ಅನ್ನುವ ಕಡೆ ಕನ್ನಡಕ್ಕೆ ‘ಕೆಎನ್’. ಇಂಗ್ಲಿಷ್ ಥೀಮ್ ತಂದು ಕನ್ನಡ ತುಂಬಿಸಿದ ಸೈಟ್‌ಗಳಲ್ಲಿ ಅದು ‘ಇಎನ್’ ಅಂತಲೇ ಉಳಿದುಬಿಡುತ್ತದೆ. ಆಗ ಇಂಗ್ಲಿಷ್ ದನಿ ಕನ್ನಡ ಓದಲು ಹೋಗಿ ತೊದಲುತ್ತದೆ, ಕೆಲವು ದನಿಗಳು ಸುಮ್ಮನಾಗಿಬಿಡುತ್ತವೆ. ಸರಿ ಮಾಡಲು ಬೇಕಾಗಿರುವುದು ಎರಡಕ್ಷರ!

ಕಣ್ಣು ಕಾಣುವವರ ಕಷ್ಟಗಳೂ ಇವೆ. ಬಿಳಿ ಹಿನ್ನೆಲೆ ಮೇಲೆ ತಿಳಿ ಬೂದು ಅಕ್ಷರ ಹಾಕುವ ಫ್ಯಾಷನ್ ಇದೆಯಲ್ಲ, ವಯಸ್ಸಾದವರು ಅದನ್ನು ಓದುವುದು ಹೇಗೆ? ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲಿ ಮೊದಲ ಸಲ ಆಕ್ಸೆಸಿಬಿಲಿಟಿ ಮಾರ್ಗಸೂಚಿ ತಂದಿತು. ಡಬ್ಲ್ಯುಸಿಎಜಿ ಅಂತ ಹೆಸರು, 2.2ನೇ ಆವೃತ್ತಿ 2023ರಲ್ಲಿ ಬಂತು. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು ಅಂತ ಅದು ಹೇಳುತ್ತದೆ. ಬಿಳಿ ಮೇಲೆ 767676 ಅನ್ನುವ ಕೋಡಿನ ಬೂದು ಬಣ್ಣ ಪಾಸ್, ಅದಕ್ಕಿಂತ ಕೂದಲೆಳೆಯಷ್ಟು ತಿಳಿಯಾದ 777777 ಫೇಲ್. ವೆಬ್‌ಏಮ್ ಸಂಸ್ಥೆ ವರ್ಷಕ್ಕೊಮ್ಮೆ 10 ಲಕ್ಷ ಹೋಮ್‌ಪೇಜ್‌ಗಳನ್ನು ಜಾಲಾಡುತ್ತದೆ, ಪ್ರತಿ ಸಲವೂ ಮೊದಲ ಸ್ಥಾನದ ದೋಷ ಈ ಮಂಕು ಅಕ್ಷರವೇ. ವಿಡಿಯೋಗೆ ಕ್ಯಾಪ್ಷನ್ ಇಲ್ಲದಿದ್ದರೆ ಕಿವಿ ಕೇಳದವರಿಗೆ ಅದು ಮೂಕಿ ಚಿತ್ರ. ಫಾರ್ಮ್ ತಪ್ಪಾದಾಗ ಪೆಟ್ಟಿಗೆ ಸುತ್ತ ಕೆಂಪು ಗೆರೆ ಮಾತ್ರ ಬಂದರೆ ಬಣ್ಣಗುರುಡು ಇರುವವರಿಗೆ ಗೊತ್ತೇ ಆಗುವುದಿಲ್ಲ, “ಪಿನ್‌ಕೋಡ್ 6 ಅಂಕಿ ಇರಬೇಕು” ಅಂತ ಬರೆದು ಹೇಳಿ.

ಕಾನೂನು? ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಸರ್ಕಾರಿ ಸೈಟ್‌ಗಳಿಗೆ 2009ರಿಂದಲೇ ಮಾರ್ಗಸೂಚಿ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಆಸಿಡ್ ದಾಳಿಗೆ ಒಳಗಾದ ಮಹಿಳೆಯೊಬ್ಬರು ಬ್ಯಾಂಕಿನ ಆನ್‌ಲೈನ್ ಕೆವೈಸಿಗೆ ಕೂತರೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲೇಬೇಕು ಅಂದರು. ಅವರಿಗೆ ಕಣ್ಣು ಮಿಟುಕಿಸಲು ಆಗುತ್ತಿರಲಿಲ್ಲ. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ, 20 ನಿರ್ದೇಶನಗಳನ್ನು ಕೊಟ್ಟಿತು. ಕೆವೈಸಿ ಬರೆದ ಡೆವಲಪರ್‌ಗೆ ಕೆಟ್ಟ ಉದ್ದೇಶ ಏನೂ ಇರಲಿಕ್ಕಿಲ್ಲ. ಎಲ್ಲರೂ ಕಣ್ಣು ಮಿಟುಕಿಸುತ್ತಾರೆ ಅಂತ ಅಂದುಕೊಂಡಿದ್ದಷ್ಟೇ. ಹೊರದೇಶದಲ್ಲಿ ಇದು ಹಳೆಯ ಕತೆ. ಸಿಡ್ನಿ ಒಲಿಂಪಿಕ್ಸ್ ಸೈಟಿನಲ್ಲಿ ಆಲ್ಟ್ ಟೆಕ್ಸ್ಟ್ ಇಲ್ಲ, ಫಲಿತಾಂಶದ ಪಟ್ಟಿ ಓದಲಾಗುವುದಿಲ್ಲ ಅಂತ ಬ್ರೂಸ್ ಮಗ್ವೈರ್ ಎಂಬ ಅಂಧರು ದೂರು ಕೊಟ್ಟು ಗೆದ್ದರು, 2000ರಲ್ಲಿ ಸಂಘಟಕರು 20,000 ಆಸ್ಟ್ರೇಲಿಯನ್ ಡಾಲರ್ ತೆರಬೇಕಾಯಿತು.

ಈಗ ಒಂದು ಸಾಲು ಕೋಡ್ ಹಾಕಿದರೆ ಸೈಟ್ ಪೂರ್ತಿ ಆಕ್ಸೆಸಿಬಲ್ ಆಗುತ್ತೆ ಅಂತ ಮಾರುವವರೂ ಇದ್ದಾರೆ. ನಂಬಬೇಡಿ. ಅಂಥ ಮಾತು ಹೇಳಿದ್ದಕ್ಕೆ ಆಕ್ಸೆಸಿಬಿ ಅನ್ನುವ ಕಂಪನಿ 2025ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 10 ಲಕ್ಷ ಡಾಲರ್ ಕೊಡಬೇಕಾಗಿ ಬಂತು.

ನಿಮ್ಮ ಸೈಟ್ ನೋಡಬೇಕು ಅಂದರೆ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋಗಿ. ಈಗ ಎಲ್ಲಿದ್ದೀರಿ ಅಂತ ಗೆರೆ ಕಾಣಬೇಕು. ಚಂದ ಕೆಡುತ್ತದೆ ಅಂತ ಪುಟದ ಅಂದ ಹೇಳುವ ಕೋಡಾದ ಸಿಎಸ್‌ಎಸ್‌ನಲ್ಲಿ ಆ ಗೆರೆಯನ್ನು ಅಳಿಸಿರುತ್ತಾರೆ, ಮೊದಲು ವಾಪಸ್ ತನ್ನಿ. ಡಿವ್‌ಗೆ (ಕೋಡಿನಲ್ಲಿ ಬರೀ ಖಾಲಿ ಪೆಟ್ಟಿಗೆ ಅದು) ಬಣ್ಣ ಬಳಿದು ಮಾಡಿದ ಬಟನ್‌ಗಳನ್ನು ಟ್ಯಾಬ್ ಮುಟ್ಟುವುದೇ ಇಲ್ಲ, ಅಲ್ಲಿ ನಿಜವಾದ ಬಟನ್ ಟ್ಯಾಗ್ ಹಾಕಿ. ಆಮೇಲೆ ಕ್ರೋಮ್‌ನಲ್ಲಿರುವ ಲೈಟ್‌ಹೌಸ್ ಅನ್ನುವ ಪರೀಕ್ಷೆ ಓಡಿಸಿ. ಅದು ನೂರಕ್ಕೆ ನೂರು ಕೊಟ್ಟರೂ ಹಿಗ್ಗಬೇಡಿ, ಆಲ್ಟ್ ಟೆಕ್ಸ್ಟ್ ಇದೆಯೋ ಇಲ್ಲವೋ ಅಂತ ಅದು ನೋಡುತ್ತದೆ, ಅಲ್ಲಿ ಬರೆದದ್ದಕ್ಕೂ ಚಿತ್ರಕ್ಕೂ ಸಂಬಂಧ ಇದೆಯೋ ಅಂತ ನೋಡುವುದಿಲ್ಲ. ಅದಕ್ಕೆ ದಿನಾ ಸ್ಕ್ರೀನ್ ರೀಡರ್ ಬಳಸುವ ಒಬ್ಬರನ್ನು ಕೂರಿಸಿ, ಒಂದು ಅರ್ಜಿ ತುಂಬಲು ಹೇಳಿ, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನೋಡಿ. ಮತ್ತೆ ಅವರಿಗೆ ದುಡ್ಡು ಕೊಡಿ, ಅದೂ ಟೆಸ್ಟಿಂಗ್ ಕೆಲಸವೇ.